ಕೊನೆಯಲ್ಲಿ ಸೀಟಿ ಇರಬೇಕಿದ್ದ ಹಾಡು

ನೇರ ಪ್ರಸಾರದ ಮುಂಚೆ ಹುಟ್ಟುವ ಹೆದರಿಕೆ ಎಷ್ಟು ವರ್ಷಕ್ಕೆ ನಿಲ್ಲುತ್ತದೆ ಎಂದು ಈಗಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ರೇಡಿಯೋ, ಚಾನೆಲ್ಲು ಅಂತ ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರದೋ ಮೂಲಕ ವಿಳಾಸ ಹಿಡಿದು ನವನಗರದ ನಮ್ಮ ಮನೆಗೆ ಬರುತ್ತಾರೆ. ನಿಲ್ಲುವುದಿಲ್ಲ ಎಂದು ಹೇಳಿ ಚಹಾ ಕೊಡುತ್ತೇನೆ. ನನಗೆ ಕೆಲಸದ ಕೊನೆಯ ದಿನವೂ ಅದು ನಿಂತಿರಲಿಲ್ಲ. ಚಾನೆಲ್ಲೇ ಮುಚ್ಚಿದ್ದರಿಂದ ವಯಸ್ಸಿಗಿಂತ ಮೊದಲೇ ನಿವೃತ್ತಳಾದವಳು ನಾನು. ಈಗಲೂ ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ನಿಂತಾಗ, ಯಾವುದೋ ಕ್ಯಾಸೆಟ್ಟು ಹಚ್ಚುವುದು ಮರೆತೆನೇನೋ ಎಂದು ಎದೆ ಝಲ್ಲೆನ್ನುತ್ತದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತದೆ.

ಆ ಹುಡುಗಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾರು ಮೇಲೇರಿದರು, ಯಾರಿಗೆ ಏನು ಸಿಕ್ಕಿತು ಎಂಬುದು ಇದರಲ್ಲಿಲ್ಲ. ಹೇಳಿಕೊಳ್ಳುವಂಥದೇನೂ ನಮಗೆ ಸಿಕ್ಕಲೂ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಕೇಬಲ್ ಟಿವಿ ಮನೆಮನೆಗೆ ಬಂದಾಗ ನಮ್ಮ ಕಡೆ ಸಣ್ಣ ಸಣ್ಣ ಸ್ಥಳೀಯ ಚಾನೆಲ್ಲುಗಳು ಹುಟ್ಟಿಕೊಂಡವು. ನಾನು ಸೇರಿದ್ದು ಅಂಥ ಒಂದಕ್ಕೆ. ಮಾಲಕರ ಹೆಸರು ಮಲ್ಲಣ್ಣ, ಹತ್ತಿ ವ್ಯಾಪಾರದ ಮನೆತನದವರು. ಬೆಂಗೇರಿಯಲ್ಲಿದ್ದ ತಮ್ಮ ಹತ್ತಿ ಗೋದಾಮಿನ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿ, ಗೋಡೆಗೆಲ್ಲ ಗೋಣಿತಟ್ಟು ಬಡಿಸಿ, ಅದಕ್ಕೆ ಸ್ಟುಡಿಯೋ ಅಂತ ಹೆಸರಿಟ್ಟಿದ್ದರು. ಕೆಳಗೆ ಲಾರಿ ಬಂದು ನಿಂತರೆ ಮೇಲೆ ಕ್ಯಾಮೆರಾ ನಡುಗುತ್ತಿತ್ತು. ನಾನು ಕಾರ್ಯಕ್ರಮ ಸಹಾಯಕಿ. ಅಂದರೆ ಫೋನು ಎತ್ತಬೇಕು, ಜಾಹೀರಾತುಗಳನ್ನು ಸರದಿಗೆ ಹಚ್ಚಬೇಕು, ಬಂದವರಿಗೆ ನೀರು ಕೊಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕ್ಯಾಸೆಟ್ಟಿನ ಗಾಲಿಗೆ ಪೆನ್ಸಿಲ್ಲು ತೂರಿಸಿ ತಿರುಗಿಸುತ್ತ, ಹಾಡು ಶುರುವಾಗುವ ಜಾಗದ ಕೂದಲೆಳೆಯಷ್ಟು ಹಿಂದೆ ತಂದು ನಿಲ್ಲಿಸಬೇಕು. ಹೆಚ್ಚು ತಿರುಗಿದರೆ ಹಾಡಿನ ಮೊದಲ ಮಾತು ಹೋಯಿತು. ಕಡಿಮೆಯಾದರೆ ಹಿಂದಿನ ಹಾಡಿನ ಬಾಲ ಕೇಳಿಸಿತು. ಇವೆರಡರ ನಡುವೆ ನನ್ನ ಹದಿನಾಲ್ಕು ವರ್ಷ ಹೋದವು.

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಅರವತ್ತರ ದಶಕದ ಇಂಗ್ಲಿಷ್ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಅದನ್ನು ಯಾರು ನೋಡುತ್ತಿದ್ದರು ಎಂದು ಈಗಿನವರಿಗೆ ಅನ್ನಿಸಬಹುದು. ರೈಲ್ವೆ ಕ್ವಾರ್ಟರ್ಸಿನಲ್ಲಿ ನೋಡುತ್ತಿದ್ದರು. ಆ ಕಾಲದಲ್ಲಿ ಧಾರವಾಡದ ಕಾಲೇಜುಗಳಲ್ಲಿ ಓದಿದವರು, ಪ್ಯಾಂಟು ಅಗಲ ಹೊಲಿಸಿ ತಿರುಗಿದವರು, ಈಗ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದರು. ಒಂದು ಬೇಕರಿಯವರು ಅದಕ್ಕೆ ಪ್ರಾಯೋಜಕರು. ಮಲ್ಲಣ್ಣನವರಿಗೆ ಆ ಹಾಡುಗಳ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ತಮಗೆ ತಿಳಿಯದಿದ್ದರೂ ಬೇಕರಿಯವರಿಗೆ ತಿಳಿದರೆ ಸಾಕು ಎನ್ನುತ್ತಿದ್ದರು.

ಕಾರ್ಯಕ್ರಮ ನಡೆಸುತ್ತಿದ್ದವರು ಡೋರಿನ್ ಮಿಸ್. ರೈಲು ಇಂಜಿನ್ ಡ್ರೈವರರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಹುಬ್ಬಳ್ಳಿಯಲ್ಲಿಯೇ. ಮನೆಯೊಳಗೆ ಇಂಗ್ಲಿಷು, ಹೊಸ್ತಿಲು ದಾಟಿದರೆ ನಮ್ಮದೇ ಕನ್ನಡ. ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ತಾಯಿಯ ಆರೈಕೆಗೆಂದು ಆ ಕೆಲಸ ಬಿಟ್ಟಿದ್ದರು. ತಾಯಿಗೆ ಮರೆವಿನ ರೋಗ. ಐವತ್ತು ದಾಟುವ ಹೊತ್ತಿಗೆ ಶುರುವಾದದ್ದು, ಕೊನೆಕೊನೆಗೆ ಮಗಳನ್ನು ನೋಡಿ ನೀನು ಯಾರ ಮನೆಯವಳು ಎಂದು ಕೇಳುವ ತನಕ ಹೋಗಿತ್ತಂತೆ. ತಾಯಿ ತೀರಿಕೊಂಡ ಮೇಲೆ ಮಿಸ್ ನಮ್ಮಲ್ಲಿಗೆ ಬಂದರು. ಆಗ ಅವರಿಗೂ ಐವತ್ತರ ಆಸುಪಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಗಾಬರಿಗೆಲ್ಲ ಇದೇ ಬೇರು.

ಮಿಸ್ ಕೈಯಲ್ಲಿ ಕಾಗದ ಹಿಡಿದವರೇ ಅಲ್ಲ. ಹಾಡಿಗೊಂದು ಸಂಗತಿ, ಎಲ್ಲವೂ ತಲೆಯಿಂದಲೇ. ಯಾವ ಹಾಡು ಗ್ರಾಮಫೋನ್ ಪ್ಲೇಟಿನ ಹಿಂಬದಿಯಲ್ಲಿ ಬೇಡವಾದದ್ದಾಗಿ ಬಿದ್ದಿದ್ದು ಆಮೇಲೆ ಊರೆಲ್ಲ ಹಾಡುವಂತಾಯಿತು, ಯಾವ ಹಾಡಿನಲ್ಲಿ ಢೋಲಿಗೆ ಬದಲು ರಟ್ಟಿನ ಪೆಟ್ಟಿಗೆ ಬಡಿದಿದ್ದಾರೆ, ಯಾವ ಹಾಡನ್ನು ದೊಡ್ಡ ಗಾಯಕಿಗೆ ತೋರಿಸಲಿಕ್ಕೆಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಹುಡುಗಿಯಿಂದ ಹಾಡಿಸಿ ನೋಡಿ ಕೊನೆಗೆ ಆ ಹುಡುಗಿಯದನ್ನೇ ಹೊರಗೆ ಬಿಟ್ಟರು, ಇಂಥವು. ಹಿಂಬದಿಯ ಹಾಡಿನ ಸಂಗತಿ ಕೇಳಿದಾಗ ಮಲ್ಲಣ್ಣನವರಿಗೆ ಭಾರಿ ಖುಷಿಯಾಗಿತ್ತು. ಹತ್ತಿಯಲ್ಲೂ ಹಾಗೇ, ಗಿರಾಕಿಗೆ ತೋರಿಸುವ ಬದಿ ಬೇರೆ, ಒಳಗೆ ಛಲೋ ಇರುವ ಬದಿ ಬೇರೆ ಎಂದು ವಾರವೆಲ್ಲ ಬಂದವರಿಗೆ ಹೇಳಿದರು.

ಮಿಸ್ ಅವರದೊಂದು ಪದ್ಧತಿಯಿತ್ತು. ಮೊದಲು ಸಂಗತಿ, ಆಮೇಲೆ ಹಾಡು. ‘ಕಿವಿಗೆ ಒಂದು ಕೆಲಸ ಕೊಟ್ಟು ಹಾಡು ಹಚ್ಚಬೇಕು, ಶಾಂತಾ’ ಎನ್ನುತ್ತಿದ್ದರು. ಈ ಹಾಡಿನಲ್ಲಿ ಇಂಥದೊಂದು ಸದ್ದಿದೆ, ಎಲ್ಲಿ ಬರುತ್ತದೆ ಕಿವಿಗೊಟ್ಟು ಕೇಳಿ ಎಂದು ಹೇಳುವರು. ಮೊದಲು ಫೋನ್ ಮಾಡಿ ಸರಿಯಾಗಿ ಹೇಳಿದವರಿಗೆ ಬೇಕರಿಯ ಕೇಕು. ಹಾಡಿನ ಚಿತ್ರಗಳು ನಮ್ಮ ಹತ್ತಿರ ಇರಲಿಲ್ಲವಾದ್ದರಿಂದ, ಹಾಡು ಮುಗಿಯುವ ತನಕ ಕ್ಯಾಮೆರಾದವನು ಮೂಲೆಯಲ್ಲಿಟ್ಟ ಮೀನಿನ ತೊಟ್ಟಿ ತೋರಿಸುತ್ತಿದ್ದ. ಒಂದು ವಾರ ಕೆಂಪು ಮೀನು ಸತ್ತಾಗ, ಹಾಡಿನ ಬಗ್ಗೆ ಬಂದಷ್ಟೇ ಫೋನು ಅದರ ಬಗ್ಗೆಯೂ ಬಂದವು.

ತಪ್ಪುಗಳಾಗುತ್ತಿದ್ದವು. ಜಾಹೀರಾತನ್ನು ಎಲ್ಲಿ ಹಾಕಬೇಕೆಂದು ನಾವು ಲೆಕ್ಕ ಹಾಕುತ್ತಿದ್ದುದು ಪ್ಲೇಟು ನೋಡಿ ಹಾಡಿನ ಪಕ್ಕ ಬರೆದಿಟ್ಟ ಅವಧಿಯಿಂದ. ಒಂದು ಹಾಡು, ಬರೆದ ಅವಧಿ ಮುಗಿದರೂ ಮುಗಿಯಲೊಲ್ಲದು. ಬೇಕರಿಯ ಜಾಹೀರಾತು ಅರ್ಧಕ್ಕೆ ಕತ್ತರಿಸಿಹೋಗಿ, ಬಿಸ್ಕೀಟು ಎಂಬ ಮಾತಿನ ನಡುವೆಯೇ ಸುದ್ದಿ ಶುರುವಾಯಿತು. ಬೇಕರಿಯವರು ಫೋನಿನಲ್ಲಿ ನನಗೆ ಮಂಗಳಾರತಿ ಮಾಡಿದರು. ಆ ಕಾಲದ ರೇಡಿಯೋದವರು ಉದ್ದದ ಹಾಡು ಹಚ್ಚುತ್ತಲೇ ಇರಲಿಲ್ಲ, ಅದಕ್ಕೆ ಪ್ಲೇಟಿನವರು ಬೇಕಂತಲೇ ಕಡಿಮೆ ಬರೆಯುತ್ತಿದ್ದರು ಎಂದು ಮಿಸ್ ಆಮೇಲೆ ಹೇಳಿದರು. ಅಂದಿನಿಂದ ನಾನು ಬರೆದದ್ದನ್ನು ನಂಬದೆ, ಗಡಿಯಾರ ಮುಂದಿಟ್ಟುಕೊಂಡು ಪ್ರತಿ ಹಾಡನ್ನೂ ಅಳೆಯಲು ಶುರುಮಾಡಿದೆ. ಅವಧಿಯನ್ನಷ್ಟೇ ಅಳೆಯುತ್ತಿದ್ದೆ. ಒಳಗೆ ಏನಿದೆ ಎಂಬುದು ಮಿಸ್ ಅವರ ಪಾಲು.

ಒಂದು ಮಳೆಗಾಲ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಹಾಳಾದವೆಲ್ಲ ಮಿಸ್ ಅವರ ಸ್ವಂತದವು. ಹರೆಯದಲ್ಲಿ ರೈಲ್ವೆಯವರ ಕ್ಲಬ್ಬಿನ ಪ್ಲೇಟುಗಳಿಂದ ತುಂಬಿಸಿಕೊಂಡಿದ್ದಂಥವು. ಕ್ಲಬ್ಬಿನ ಪ್ಲೇಟುಗಳು ಯಾವಾಗಲೋ ಚದುರಿಹೋಗಿದ್ದವು. ಮಲ್ಲಣ್ಣನವರು ಜುಗ್ಗತನ ಮಾಡದೆ ಪೇಟೆಯಿಂದ ಹೊಸ ಕ್ಯಾಸೆಟ್ಟುಗಳ ಒಂದು ಕಟ್ಟನ್ನೇ ತರಿಸಿದರು. ಅರವತ್ತರ ದಶಕದ ಹೆಸರಾದ ಹಾಡುಗಳು, ಮೂಲ ಗಾಯಕರ ದನಿಯಲ್ಲಿಯೇ ಎಂದು ಹೊದಿಕೆಯ ಮೇಲೆ ದಪ್ಪಗೆ ಅಚ್ಚಾಗಿತ್ತು. ಹೊಳೆಯುವ ಕ್ಯಾಸೆಟ್ಟು, ಗೊರಗೊರ ಇಲ್ಲ, ಪೆನ್ಸಿಲ್ಲು ಹಗುರಾಗಿ ತಿರುಗುತ್ತಿತ್ತು. ನನಗಂತೂ ಹಬ್ಬ.

ಮೊದಲ ಭಾನುವಾರವೇ ಮಿಸ್ ತಮಗೆ ಬಹಳ ಸೇರುವ ಒಂದು ಹಾಡು ಹೇಳಿದರು. ಹಾಡಿನ ಮಾತು ಮುಗಿದ ಮೇಲೂ ಗಾಯಕ ಸುಮ್ಮನೆ ಸೀಟಿ ಹೊಡೆದಿದ್ದಾನೆ, ಆ ಸೀಟಿಯೇ ಆ ಹಾಡಿನ ಜೀವ, ಸೀಟಿ ಬಂದಾಗ ಹಿಂದೆ ಯಾವ ವಾದ್ಯ ನಿಲ್ಲುತ್ತದೆ ಹೇಳಿ ಎಂದರು. ನಾನು ಹಾಡು ಹಚ್ಚಿದೆ. ಮೀನುಗಳು ತಿರುಗಿದವು. ಹಾಡು ಕೊನೆಗೆ ಬಂತು, ಕಹಳೆಗಳೆಲ್ಲ ಒಟ್ಟಿಗೆ ಮೊಳಗಿ ಮುಗಿದೇಹೋಯಿತು. ಸೀಟಿ ಇಲ್ಲ.

ಮಿಸ್ ಯಂತ್ರದ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಫೋನು ಹೊಡೆದುಕೊಳ್ಳತೊಡಗಿತು.

‘ಮಿಸ್, ಸೀಟಿ ಎಲ್ಲಿ ಹೋತ್ರಿ?’ ಎಂದು ಒಬ್ಬ ಕೇಳಿದ. ‘ಮೀನ ನುಂಗಿದ್ವೇನ್ರಿ?’

ಮಿಸ್ ನಕ್ಕು ಹಾರಿಸಿದರು. ಕಾರ್ಯಕ್ರಮ ಮುಗಿದ ಮೇಲೆ ನಗಲಿಲ್ಲ. ಹಾಡೇ ಬೇರೆ ಕೇಳಿಸುತ್ತಿದೆ ಎಂದರು. ದನಿ ಅವನದೇ, ಅದರಲ್ಲಿ ಸಂಶಯವಿಲ್ಲ, ಆದರೂ ಏನೋ ದಪ್ಪವಾಗಿದೆ, ಕಿವಿಯೂ ಹಳೆಯದಾಯಿತೋ ಏನೋ ಎಂದರು. ಆ ಕ್ಯಾಸೆಟ್ಟನ್ನು ಮತ್ತೆರಡು ಸಲ ಹಾಕಿ ಕೇಳಿದೆವು. ಸೀಟಿ ಇರಲಿಲ್ಲ.

ಎರಡನೆಯ ವಾರ ಇನ್ನೊಂದು ಹಾಡು. ಅದರಲ್ಲಿ ಗಾಯಕ ಮೂರನೆಯ ನುಡಿಗೆ ತುಸು ಬೇಗನೆ ಬಾಯಿ ತೆರೆದು, ತಪ್ಪಿದ್ದು ಗೊತ್ತಾಗಿ ಗಪ್ಪಾಗುತ್ತಾನೆ, ಢೋಲಿನವನು ಅದನ್ನು ಮುಚ್ಚಲಿಕ್ಕೆ ಒಂದು ಪೆಟ್ಟು ಹೆಚ್ಚಿಗೆ ಹೊಡೆಯುತ್ತಾನೆ ಎಂದು ಮಿಸ್ ಹೇಳಿದರು. ಹಾಡು ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛವಾಗಿತ್ತು. ಯಾರೂ ಎಲ್ಲಿಯೂ ತಪ್ಪಲಿಲ್ಲ. ಮೂರನೆಯ ವಾರ, ಒಂದು ಹಾಡು ಸಣ್ಣಗಾಗುತ್ತ ಹೋಗುವಾಗ ಹಿಂದೆ ಯಾರೋ ಹೆಂಗಸು ನಕ್ಕದ್ದು ಕೇಳುತ್ತದೆ ಎಂದರು. ಅದೂ ಇರಲಿಲ್ಲ. ಆ ಹೊತ್ತಿಗೆ ಜನ ಹಾಡಿಗೆ ಕಿವಿಗೊಡುವುದನ್ನು ಬಿಟ್ಟು, ಮಿಸ್ ಇವತ್ತು ಏನು ಇಲ್ಲದ್ದು ಹೇಳುತ್ತಾರೆ ಎಂದು ಕಾಯತೊಡಗಿದ್ದರು.

ಮರುದಿನ ಮಲ್ಲಣ್ಣನವರು ನನ್ನನ್ನು ಕೆಳಗೆ ಗೋದಾಮಿಗೆ ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

‘ಶಾಂತಕ್ಕ, ಮಿಸ್ ಛಲೋ ಮನಿಷ್ಯಾಳು. ಆದ್ರ ಮೂರು ವಾರ ಆತು, ಇಲ್ಲದ್ದು ಐತಿ ಅನ್ನಾಕತ್ತಾರ. ಬೇಕರಿಯವ್ರು ನಗಾಕತ್ತಾರ. ಇನ್ನೊಂದು ಐತವಾರ ನೋಡೂಣು. ಆಮ್ಯಾಲ ಬ್ಯಾರೆ ಯಾರನರ ಕುಂದ್ರಸೂದು.’

ಮೆಟ್ಟಿಲು ಹತ್ತಿ ಮೇಲೆ ಬಂದೆ. ಮಿಸ್ ಮೀನಿಗೆ ಕಾಳು ಹಾಕುತ್ತ ನಿಂತಿದ್ದರು. ಕೆಲಸ ಹೋದರೆ ಮನೆಪಾಠದ ಮಕ್ಕಳಿದ್ದಾರೆ, ಹೇಗೋ ನಡೆಯುತ್ತದೆ, ಅವರ ಚಿಂತೆ ಅದಲ್ಲ ಎಂದು ಅವರ ಕೈ ನೋಡಿಯೇ ನನಗೆ ತಿಳಿದಿತ್ತು. ಖಾಲಿಯಾದ ಡಬ್ಬಿಯನ್ನು ಇನ್ನೂ ತೊಟ್ಟಿಯ ಮೇಲೆ ಬಗ್ಗಿಸುತ್ತಲೇ ಇದ್ದರು.

‘ನಮ್ಮ ಮಮ್ಮಿಗೂ ಹಿಂಗ ಸುರುವಾತು, ಶಾಂತಾ’ ಎಂದರು. ‘ಮರಿಯೂದು ಆಮ್ಯಾಲ ಬಂತು. ಮೊದಲ ಇಲ್ಲದ್ದು ಇತ್ತು ಅಂತಿದ್ಲು. ಈ ಗ್ವಾಡಿ ಮ್ಯಾಲ ಗಡಿಯಾರ ಇತ್ತು, ಯಾರು ತಗದ್ರು ಅನ್ನಾಕಿ. ಆ ಗ್ವಾಡಿಗೆ ಎಂದೂ ಗಡಿಯಾರ ಇದ್ದಿದ್ದಿಲ್ಲ.’

ಹಾಗೇನಿಲ್ಲ ಬಿಡಿ ಮಿಸ್ ಎಂದೆ. ಅಂಥ ಮಾತಿನಿಂದ ಯಾರಿಗೂ ಎಂದೂ ಸಮಾಧಾನವಾಗಿಲ್ಲ.

ನಮಗೆ ತಪ್ಪದೆ ಫೋನ್ ಮಾಡುವವರಲ್ಲಿ ಧಾರವಾಡದ ಕೆಲಗೇರಿಯ ಶಿವಪ್ಪ ಕಾಕಾ ಒಬ್ಬರು. ಕಾಳುಕಡಿ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು. ಕಾಲೇಜು ಕಲಿಯುವಾಗ ಇಂಗ್ಲಿಷ್ ಪ್ಲೇಟುಗಳ ಹುಚ್ಚು ಹತ್ತಿಸಿಕೊಂಡಿದ್ದರಂತೆ. ಆ ವಾರ ಅವರೇ ನಡುವೆ ಒಂದು ದಿನ ಫೋನ್ ಮಾಡಿದರು. ಮಿಸ್ ಹೇಳಿದ ಮೂರೂ ಹಾಡು ತಮ್ಮಲ್ಲಿ ಪ್ಲೇಟಿನಲ್ಲಿವೆ, ಸೀಟಿ ಇದೆಯೋ ಇಲ್ಲವೋ ತಮಗೂ ನೆನಪಿಲ್ಲ, ಪೆಟ್ಟಿಗೆ ತೆಗೆಯದೆ ಎಷ್ಟೋ ವರ್ಷವಾಯಿತು, ಬಂದರೆ ಹಾಕಿ ಕೇಳೋಣ ಎಂದರು.

ಇಷ್ಟು ಒಳ್ಳೆಯ ಸುದ್ದಿ ಎಂದು ನಾನು ಮಿಸ್ ಹತ್ತಿರ ಓಡಿದರೆ, ಅವರು ಬರುವುದಿಲ್ಲ ಎಂದರು. ನನಗೆ ಸಿಟ್ಟೇ ಬಂತು. ಹೋಗಲಿಕ್ಕೆ ಏನು ಅಡ್ಡಿ ಎಂದು ಕೇಳಿದೆ.

‘ಈಗ ಒಂದು ಸಂಶೇ ಐತಿ. ಅಷ್ಟರ ಮ್ಯಾಲ ನಿದ್ದಿ ಮಾಡಾಕತ್ತೇನಿ’ ಎಂದರು. ‘ಅಲ್ಲೂ ಸೀಟಿ ಇರಲಿಲ್ಲಂದ್ರ ನಾ ಎಲ್ಲಿ ಹೋಗ್ಲಿ?’

ಎರಡು ದಿನ ಬೆನ್ನು ಹತ್ತಿದೆ. ಕೊನೆಗೆ, ನೀವು ಬರದಿದ್ದರೆ ನಾನೊಬ್ಬಳೇ ಹೋಗಿ ಕೇಳಿ ಬರುತ್ತೇನೆ, ಬಂದ ಮೇಲೆ ನನ್ನ ಮುಖ ನೋಡಿ ನೀವೇ ತಿಳಿದುಕೊಳ್ಳುತ್ತೀರಿ ಎಂದೆ. ಅದು ಇನ್ನೂ ಕೆಟ್ಟದ್ದು ಅನ್ನಿಸಿರಬೇಕು. ಚಪ್ಪಲಿ ಮೆಟ್ಟಿದರು. ಧಾರವಾಡದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮೂರು ಹಾಡುಗಳನ್ನು ತುಟಿಯಲ್ಲೇ ಗುಣುಗುತ್ತ ಕುಳಿತಿದ್ದರು, ಪರೀಕ್ಷೆಗೆ ಹೊರಟವರ ಹಾಗೆ.

ಕೆರೆಯ ದಿನ್ನೆಯ ಕೆಳಗೆ ಕಾಕಾ ಅವರ ಮನೆ. ಸ್ನಾನ, ಲಿಂಗಪೂಜೆ ಆಗುವ ತನಕ ಅವರು ಪ್ಲೇಟು ಮುಟ್ಟುವವರಲ್ಲವೆಂದು ಅವರ ಹೆಂಡತಿ ಕಾಕು ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಹಿಂದೆ ಕಾಕಾ ತಮ್ಮ ಅಪ್ಪನಿಗೆ ಹೆದರಿ ಆ ಪ್ಲೇಟುಗಳನ್ನು ಹೆಂಡತಿಯ ಸೀರೆಯ ಟ್ರಂಕಿನಲ್ಲಿ ಬಚ್ಚಿಡುತ್ತಿದ್ದರೆಂದೂ, ಮದುವೆಯಾದ ಹೊಸದರಲ್ಲಿ ಸೀರೆ ತೆಗೆಯಹೋಗಿ ಒಂದನ್ನು ತಾವು ಮುರಿದಾಗ ಗಂಡ ಊಟ ಬಿಟ್ಟಿದ್ದರೆಂದೂ ಹೇಳಿದರು. ಬೇರೆ ದಿನವಾದರೆ ಮಿಸ್ ನಗುತ್ತಿದ್ದರು. ಅವತ್ತು ಒಳಗೆ ಗಂಟೆ ಬಾರಿಸಿದ ಸದ್ದಿಗೇ ಬೆಚ್ಚಿದರು.

ಕಾಕಾ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು, ಹಳೆಯ ಧೋತರದ ತುಂಡಿನಿಂದ ಪ್ಲೇಟನ್ನು ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದರು. ಹಾಡು ಬಂತು. ನನಗೆ ಆ ಹಾಡಿನ ಮಾತು ತಿಳಿಯದು, ಆದರೆ ವಾರಗಟ್ಟಲೆ ಕೇಳಿದ್ದರಿಂದ ಒಂದು ತಿಳಿಯಿತು. ಅದೇ ದನಿ, ಆದರೆ ಹರೆಯದ್ದು. ಕ್ಯಾಸೆಟ್ಟಿನಲ್ಲಿ ಹಾಡಿದವನಿಗೆ ಇವನು ಮಗನಾಗಬಹುದು ಅನ್ನುವಂತಿತ್ತು. ಮಿಸ್ ಕುರ್ಚಿಯ ಅಂಚಿಗೆ ಸರಿದರು. ಹಾಡು ಕೊನೆಯ ನುಡಿಗೆ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ದನಿ ಎಮ್ಮೆಯ ಹಾಗೆ ಒಮ್ಮೆ ಒರಲಿ ನಿಂತುಹೋಯಿತು.

ಮೂವರೂ ತಿರುಗದ ಪ್ಲೇಟನ್ನು ನೋಡುತ್ತ ಕುಳಿತೆವು. ಕಾಕು ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟರು. ನಾನು ತಿಂದೆನೋ ಬಿಟ್ಟೆನೋ ಗೊತ್ತಿಲ್ಲ. ಮಿಸ್ ತಟ್ಟೆಯನ್ನು ಮುಟ್ಟಲಿಲ್ಲ. ಕಾಕಾ ಎರಡು ಸಲ ಹೊರಗೆ ಹೋಗಿ ಕಂಬ ನೋಡಿ ಬಂದರು. ಹೊರಡೋಣ ಶಾಂತಾ, ಇನ್ನೊಮ್ಮೆ ಬಂದರಾಯಿತು ಎಂದು ಮಿಸ್ ಎದ್ದೇಬಿಟ್ಟಾಗ ನಾನು ಅವರ ಸೆರಗು ಹಿಡಿದು ಕೂರಿಸಿದೆ ಎಂದರೆ ಈಗ ನಾಚಿಕೆಯಾಗುತ್ತದೆ. ಸೆರಗು ಎಂದೆನಲ್ಲ, ಅವರು ತೊಡುತ್ತಿದ್ದುದು ಫ್ರಾಕು. ನಾನು ಹಿಡಿದದ್ದು ಅದರ ತೋಳನ್ನು.

ಕರೆಂಟು ಬಂತು. ಪ್ಲೇಟು ನಿಂತಲ್ಲಿಂದಲೇ ಗುಂಯ್‌ಗುಡುತ್ತ ಮೇಲೆದ್ದಿತು. ಕೊನೆಯ ನುಡಿ ಮುಗಿಯಿತು. ಆಮೇಲೆ ಸೀಟಿ. ಕೆಲಸವಿಲ್ಲದವನು ಕಟ್ಟೆಯ ಮೇಲೆ ಕುಳಿತು ಹೊಡೆದ ಹಾಗೆ, ಆರಾಮಾಗಿ, ಸಣ್ಣಗಾಗುತ್ತ ಹೋಗುವ ತನಕ.

ಮಿಸ್ ಕಣ್ಣು ಮುಚ್ಚಿಕೊಂಡರು. ಸಂತೋಷಪಟ್ಟರು ಎಂದು ಹೇಳಲಾರೆ. ಮುಂದಿನದು ಹಾಕಿ ಎಂದು ಕೈಸನ್ನೆ ಮಾಡಿದರು. ಎರಡನೆಯ ಪ್ಲೇಟಿನಲ್ಲಿ ಗಾಯಕ ಮೂರನೆಯ ನುಡಿಗೆ ಮೊದಲೇ ಬಂದು ಗಪ್ಪಾದ. ಢೋಲಿನವನು ಒಂದು ಪೆಟ್ಟು ಹೆಚ್ಚಿಗೆ ಹೊಡೆದ. ಎಲ್ಲವೂ ಮಿಸ್ ಹೇಳಿದ ಹಾಗೆಯೇ.

ಹೊಸ ಕ್ಯಾಸೆಟ್ಟಿನ ಮರ್ಮ ಆಗ ಕಾಕಾ ಬಿಡಿಸಿದರು. ಆ ಗಾಯಕರು ವಯಸ್ಸಾದ ಮೇಲೆ ಬೇರೆ ಕಂಪನಿಗಳಿಗೆ ಅದೇ ಹಾಡುಗಳನ್ನು ಇನ್ನೊಮ್ಮೆ ಹಾಡಿಕೊಟ್ಟಿದ್ದಾರೆ. ಹಳೆಯದರ ಹಕ್ಕು ಸಿಗದವರು ಹೀಗೆ ಹೊಸದಾಗಿ ಹಾಡಿಸಿ, ಮೂಲ ಗಾಯಕರು ಎಂದು ಬರೆದು ಮಾರುತ್ತಾರೆ. ಸುಳ್ಳು ಎನ್ನುವ ಹಾಗಿಲ್ಲ. ತಾವೂ ಒಮ್ಮೆ ಹಾಗೆ ಮೋಸ ಹೋಗಿದ್ದರಂತೆ.

‘ಹಾಡಿದಾವ ಅವನ ಖರೇ’ ಎಂದರು ಕಾಕಾ. ‘ಆದ್ರ ಆವತ್ತು ಹಾಡಿದ್ದಲ್ರಿ.’

ಮೂರನೆಯ ಪ್ಲೇಟು ಉಳಿದಿತ್ತು. ಹೆಂಗಸು ನಗುವ ಹಾಡು. ಅದನ್ನು ಹಾಕುವಾಗ ನನಗೆ ಭಯವೇ ಇರಲಿಲ್ಲ, ಅಷ್ಟು ಧೈರ್ಯ ಬಂದಿತ್ತು. ಹಾಡು ಸಣ್ಣಗಾಗುತ್ತ ಹೋಯಿತು. ಕಾಕಾ ಯಂತ್ರದ ದನಿ ಏರಿಸಿದರು. ಮುಳ್ಳಿನ ಗರಗರ, ಮತ್ತೇನೂ ಇಲ್ಲ. ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ, ಪ್ಲೇಟನ್ನು ಒರೆಸಿ. ನಗು ಇರಲಿಲ್ಲ.

ಗೀರು ಬಿದ್ದು ಮುಚ್ಚಿಹೋಗಿರಬೇಕು ಎಂದು ಕಾಕಾ ಮೆಲ್ಲಗೆ ಅಂದರು. ಒಳ್ಳೆಯ ಮನುಷ್ಯ.

‘ಇಲ್ರಿ ಕಾಕಾ’ ಎಂದರು ಮಿಸ್. ‘ಇಲ್ಲದ್ದು ಇಲ್ಲ.’

ಬಸ್ಸಿನಲ್ಲಿ ನಾನು ಎರಡು ಹಾಡು ಸರಿಯಾಗಿ ಬಂದದ್ದನ್ನೇ ಮತ್ತೆ ಮತ್ತೆ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಎರಡು ಸರಿಯಾದರೆ ಕೆಲಸ ಉಳಿಯುತ್ತದೆ. ಅವರಿಗೆ ಬೇಕಾದ ಉತ್ತರ ಮಾತ್ರ ಆ ಮೂರನೆಯದರಲ್ಲಿ ಸಿಕ್ಕಿಬಿದ್ದಿತ್ತು.

ಮಲ್ಲಣ್ಣನವರು ಸಂಗತಿ ಕೇಳಿ ಕುಣಿದಾಡುವುದೊಂದು ಬಾಕಿ. ಕ್ಯಾಸೆಟ್ಟಿನ ಅಂಗಡಿಯವನಿಗೆ ನಾಲ್ಕು ಮಾತು ಬೈದರು. ಬರುವ ಭಾನುವಾರ ಕಾಕಾ ಅವರ ಪ್ಲೇಟನ್ನೇ ತಂದು ಹಚ್ಚಿ ಜನರ ಬಾಯಿ ಮುಚ್ಚಿಸೋಣ ಎಂದರು. ಮೂರನೆಯದು ಇರಲಿಲ್ಲ, ಅದನ್ನೂ ಹೇಳುತ್ತೇನೆ ಎಂದು ಮಿಸ್ ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ.

‘ಅದನ್ಯಾಕ ಎತ್ತತೀರಿ? ಯಾರ ಕೇಳಾಕತ್ತಾರ?’

‘ನಾ ಕೇಳಾಕತ್ತೇನಿ’ ಎಂದರು ಮಿಸ್.

ಭಾನುವಾರ ಕಾಕಾ ತಾವೇ ಪ್ಲೇಟಿನ ಯಂತ್ರವನ್ನು ಧೋತರದಲ್ಲಿ ಸುತ್ತಿ ಮಗುವಿನ ಹಾಗೆ ಎದೆಗವಚಿಕೊಂಡು ಬಂದರು. ಕೆಳಗೆ ಲಾರಿ ಬಂದರೆ ಮುಳ್ಳು ಹಾರುತ್ತದೆ. ಮಲ್ಲಣ್ಣನವರು ಸ್ವತಃ ರಸ್ತೆಯಲ್ಲಿ ನಿಂತು ಲಾರಿಗಳನ್ನು ತಡೆದಿದ್ದರು. ಸೀಟಿ ಬಂತು. ತಪ್ಪಿ ಬಾಯಿ ತೆರೆದವನೂ ಬಂದ. ಆಮೇಲೆ ಮಿಸ್ ಕ್ಯಾಮೆರಾದ ಕಡೆ ತಿರುಗಿ, ಮೂರನೆಯ ಹಾಡಿನ ನಗುವನ್ನು ತಾವು ಪ್ಲೇಟಿನಲ್ಲಿಯೂ ಹುಡುಕಿದ್ದಾಗಿಯೂ, ಸಿಗಲಿಲ್ಲವೆಂದೂ, ಅದು ತಮ್ಮ ತಲೆಯೊಳಗೆ ಎಲ್ಲಿಂದ ಬಂತೋ ತಿಳಿಯದೆಂದು ಹೇಳಿದರು. ನಿಮಗೆ ಯಾರಿಗಾದರೂ ಕೇಳಿದ್ದು ನೆನಪಿದ್ದರೆ ಫೋನ್ ಮಾಡಿ ಎಂದರು. ಹಾಡು ಹಚ್ಚಿದೆ. ಫೋನು ಸುಮ್ಮನಿತ್ತು. ಮೀನು ಒಂದು ಸುತ್ತು, ಎರಡು ಸುತ್ತು ಹಾಕಿದವು. ಇನ್ನು ಯಾರೂ ಮಾಡುವುದಿಲ್ಲ ಎಂದು ನಾನು ಜಾಹೀರಾತಿಗೆ ಕೈ ಹಾಕುವಷ್ಟರಲ್ಲಿ ಗಂಟೆ ಬಡಿಯಿತು.

ಒಬ್ಬರಿಗೂ ಆ ನಗು ಗೊತ್ತಿರಲಿಲ್ಲ. ಆದರೆ ಅಂಗಳದ ಪಕ್ಕವೇ ರೈಲಿನ ಯಾರ್ಡು ಇದ್ದ ಮನೆಯಲ್ಲಿ ಬೆಳೆದ ಒಬ್ಬಾಕೆ, ಆ ಹಾಡಿನಲ್ಲಿ ಗಾಡಿ ಶಂಟಿಂಗ್ ಆಗುವ ಸದ್ದಿದೆ, ಇವತ್ತು ಯಾಕೆ ಕೇಳಿಸಲಿಲ್ಲ ಎಂದರು. ಇನ್ನೊಬ್ಬರು ನಡುವೆ ಬಾಗಿಲು ಬಡಿದ ಹಾಗೆ ಆಗುತ್ತಿತ್ತಲ್ಲ ಎಂದು ಕೇಳಿದರು. ಮತ್ತೊಬ್ಬರ ಪ್ಲೇಟು ಒಂದೇ ಜಾಗದಲ್ಲಿ ಹಾರುತ್ತಿತ್ತಂತೆ. ಹಾರದೆ ನೆಟ್ಟಗೆ ಹೋದ ಹಾಡು ಅವರಿಗೆ ಈಗ ತಪ್ಪು ಅನ್ನಿಸುತ್ತದಂತೆ. ಧಾರವಾಡದ ಒಬ್ಬ ನಿವೃತ್ತ ಲೆಕ್ಚರರು ಬಹಳ ಹೊತ್ತು ಹಿಂಜರಿದು ಹೇಳಿದರು:

‘ಮಿಸ್, ಆ ಹಾಡು ಎಲ್ಲಿ ಕೇಳಿದ್ರೂ ಎರಡನೇ ನುಡಿಗೆ ನಮ್ಮ ಅಪ್ಪಾರು “ಬಂದ್ ಮಾಡೋ ಅದನ್ನ” ಅಂತ ಒದರಿದ್ದು ಕೇಳಸ್ತೈತ್ರಿ. ಅವ್ರು ಹೋಗಿ ಇಪ್ಪತ್ತು ವರ್ಷಾತು. ನಾ ಇನ್ನೂ ದನಿ ಸಣ್ಣ ಮಾಡ್ತೇನಿ.’

ಮಿಸ್ ಫೋನು ಹಿಡಿದುಕೊಂಡು ಸುಮ್ಮನೆ ಕುಳಿತರು. ಪ್ರಸಾರದಲ್ಲಿ ಹಾಗೆ ಸುಮ್ಮನಿರಬಾರದು. ನಾನು ಕೈಸನ್ನೆ ಮಾಡಲಿಲ್ಲ.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಮಿಸ್ ಶನಿವಾರವೇ ಬಂದು ಪ್ರತಿ ಹಾಡನ್ನೂ ನನ್ನೊಡನೆ ಪೂರ್ತಿ ಕೇಳುತ್ತಿದ್ದರು. ಇದ್ದದ್ದನ್ನು ಮಾತ್ರ ಹೇಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಲ್ಲಿ ಸೈಬರ್ ಕೆಫೆಗಳು ಬಂದವು, ಕುಳಿತಲ್ಲೇ ಎಲ್ಲ ಸಂಗತಿ ಸಿಗತೊಡಗಿತು. ಕೆಲಸ ಹಗುರಾಯಿತು ಎಂದುಕೊಂಡರೆ ಇನ್ನೊಂದು ತಾಪತ್ರಯ. ಒಬ್ಬ ತಪ್ಪು ಬರೆದದ್ದನ್ನೇ ಹತ್ತು ಮಂದಿ ನಕಲು ಮಾಡಿರುತ್ತಿದ್ದರು, ಹತ್ತು ಕಡೆ ಇದೆಯೆಂದು ನಾವು ನಂಬುತ್ತಿದ್ದೆವು. ನಮ್ಮ ಮನೆಗೆ ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಹಾಡಿನ ಬಗ್ಗೆ ಏನು ಹೇಳಬೇಕಿದ್ದರೂ, ನೀವು ಹಚ್ಚಲಿರುವ ಅದೇ ಹಾಡನ್ನು ಮೊದಲು ಕೊನೆಯ ತನಕ ಕೇಳಿ. ಹೆಸರು ಅದೇ, ದನಿ ಅದೇ ಎಂದು ಮುಂದಕ್ಕೆ ಹೋಗಬೇಡಿ.

ಆ ಭಾನುವಾರದ ಫೋನುಗಳಿಂದ ಮಿಸ್ ಮುಖ ತುಸು ತಿಳಿಯಾದದ್ದು ನಿಜ. ಆದರೂ ಡಾಕ್ಟರರಿಗೆ ತೋರಿಸುತ್ತೇನೆ ಎಂದು ಹಟ ಹಿಡಿದರು. ಎಲ್ಲರ ತಲೆಯಲ್ಲೂ ಒಂದಿಷ್ಟು ಇಲ್ಲದ್ದು ಇರುತ್ತದೆ ಸರಿ, ಅವರ‍್ಯಾರ ತಾಯಿಗೂ ತಮ್ಮ ತಾಯಿಗೆ ಆದದ್ದು ಆಗಿಲ್ಲವಲ್ಲ ಎಂದರು. ಧಾರವಾಡದಲ್ಲಿ ನರರೋಗದ ಒಬ್ಬ ಡಾಕ್ಟರರಿದ್ದರು. ಜೊತೆಗೆ ನಾನು ಹೋದೆ. ಒಳಗೆ ಕರೆದಾಗ ಮಿಸ್ ನನ್ನ ಕೈ ಬಿಡದ್ದರಿಂದ ನಾನೂ ಒಳಗೇ ಕುಳಿತೆ.

ಡಾಕ್ಟರರು ವಯಸ್ಸಾದವರು, ಮೆತ್ತನ್ನ ಮಾತು. ದಿನ, ವಾರ, ಊರು ಎಲ್ಲ ಕೇಳಿದರು. ನೂರರಿಂದ ಏಳೇಳು ಕಳೆಯುತ್ತ ಬರಲಿಕ್ಕೆ ಹೇಳಿದರು. ಆಮೇಲೆ, ‘ಮೂರು ಶಬ್ದ ಹೇಳ್ತೀನಿ, ನೆನಪಿಟ್ಕೋರಿ, ಸ್ವಲ್ಪ ಹೊತ್ತಾದ ಮ್ಯಾಲ ಕೇಳ್ತೀನಿ’ ಎಂದು, ಕಿಟಕಿ, ಬೆಲ್ಲ ಮತ್ತೊಂದು ಹೇಳಿದರು. ಮಿಸ್ ಮೂರನ್ನೂ ಒಮ್ಮೆ ಹೇಳಿ ಒಪ್ಪಿಸಿದರು. ನಾನೂ ಮನಸ್ಸಿನಲ್ಲೇ ಗಟ್ಟಿಯಾಗಿ ಹಿಡಿದುಕೊಂಡೆ, ಬೇಕಾದರೆ ಸನ್ನೆ ಮಾಡಿ ಹೇಳಿಕೊಡಬಹುದು ಎಂಬ ದುರಾಸೆಯಿಂದ. ಅಷ್ಟರಲ್ಲಿ ಡಾಕ್ಟರರು, ನೀವು ಟಿವಿಯಲ್ಲಿ ಬರುವವರಲ್ಲವೇ ಎಂದು ಮಾತು ತೆಗೆದರು. ಅವರೂ ಆ ಕಾಲದವರೇ. ಇಬ್ಬರೂ ಹಾಡಿನ ಮಾತಿಗಿಳಿದರು. ಪ್ಲೇಟಿನ ಹಿಂಬದಿ, ರಟ್ಟಿನ ಪೆಟ್ಟಿಗೆ, ಮಗು ನೋಡಿಕೊಳ್ಳುವ ಹುಡುಗಿ, ಮಿಸ್ ಒಂದಾದ ಮೇಲೆ ಒಂದು ಹೇಳುತ್ತಲೇ ಹೋದರು. ಸಾಕು ಮಿಸ್, ಶಬ್ದ ಮರೆತೀರಿ ಎಂದು ಕಾಲು ತುಳಿಯಬೇಕೆನ್ನಿಸಿತು. ಒಮ್ಮೆಲೇ ಡಾಕ್ಟರರು ಮಾತು ನಿಲ್ಲಿಸಿ, ಆ ಮೂರು ಶಬ್ದ ಯಾವುವು ಎಂದರು.

ಮಿಸ್ ಮೂರನ್ನೂ ಹೇಳಿದರು, ಹೇಳಿದ ಸರದಿಯಲ್ಲಿಯೇ.

ಈಗೇನೂ ಕಾಣುವುದಿಲ್ಲ, ಮನೆತನದಲ್ಲಿ ಇದೆಯಾದ್ದರಿಂದ ವರ್ಷಕ್ಕೊಮ್ಮೆ ಬಂದು ಹೋಗಿ ಎಂದರು ಡಾಕ್ಟರರು. ಹೊರಗೆ ಬಂದು ಬಸ್ಸು ಹತ್ತಿದೆವು. ಮಿಸ್ ಬಹಳ ದಿನದ ಮೇಲೆ ಬೆನ್ನು ಒರಗಿಸಿ ಕುಳಿತಿದ್ದರು. ನವನಗರ ಹತ್ತಿರ ಬರುವ ತನಕ ನಾನು ತಡೆದುಕೊಂಡೆ, ಆಮೇಲೆ ಆಗಲಿಲ್ಲ.

‘ಮಿಸ್, ಆ ಮೂರನೇ ಶಬ್ದ ಏನಿತ್ರಿ?’

ಅವರು ನನ್ನ ಕಡೆ ತಿರುಗಿದರು.

‘ಛತ್ರಿ’ ಎಂದರು. ‘ಬರೂ ವರ್ಷ ಡಾಕ್ಟರ ಕಡೆ ನಿನ್ನ ಹೆಸರೂ ಬರಸೂಣು, ಶಾಂತಾ.’